ನ್ಯೂಯಾರ್ಕ್‌ಗೆ ಹೊಸಬ್ರೇ, ಇನ್ಸ್‌ಪೆಕ್ಟರ್ ಕಾಸು ಕೇಳಿದ್ರೆ ಡಿಓಐಗೆ ಹೇಳಿ

ಈ ಊರಿಗೆ ಬಂದ ಹೊಸದ್ರಲ್ಲಿ ಎಲ್ರೂ ಮನೆ, ಸ್ಕೂಲು, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಬಗ್ಗೆ ಕೇಳ್ತಾರೆ, ಸಿಟಿಯವ್ರು ಲಂಚ ಕೇಳಿದ್ರೆ ಏನ್ ಮಾಡೋದು ಅಂತ ಯಾರೂ ಕೇಳಲ್ಲ, ಆಮೇಲೆ ಕ್ವೀನ್ಸ್‌ನಲ್ಲಿ ಒಂದು ಮನೆ ತಗೊಂಡು ಬೇಸ್‌ಮೆಂಟ್ ರಿಪೇರಿಗೆ ಕೈ ಹಾಕಿದಾಗ, ಇಲ್ಲಾ ಸಣ್ಣದೊಂದು ಹೋಟ್ಲು ತೆಗೆಯೋಕೆ ಹೊರಟಾಗ, ಯಾರೋ ಒಬ್ರು "ಸ್ವಲ್ಪ ಕೈ ಬೆಚ್ಚಗೆ ಮಾಡಿದ್ರೆ ಬೇಗ ಆಗತ್ತೆ" ಅಂತಾರೆ, ಇವ್ರಿಗೆ ಏನ್ ಮಾಡ್ಬೇಕು ಅಂತಾನೇ ಗೊತ್ತಾಗಲ್ಲ. ಅದಕ್ಕೇ ಇದನ್ನ ಬರೀತಿದೀನಿ.

ನ್ಯೂಯಾರ್ಕ್ ಸಿಟಿ ಸರ್ಕಾರದ ಒಳಗಿನ ಭ್ರಷ್ಟಾಚಾರ ಹಿಡಿಯೋಕೆ ಅಂತಾನೇ ಇರೋ ಇಲಾಖೆ ಡಿಪಾರ್ಟ್‌ಮೆಂಟ್ ಆಫ್ ಇನ್ವೆಸ್ಟಿಗೇಷನ್, ಎಲ್ರೂ ಡಿಓಐ ಅಂತಾರೆ. ನಮ್ಮ ಲೋಕಾಯುಕ್ತದ ಥರ ಅಂದ್ಕೊಂಡ್ರೆ ಅರ್ಥ ಆಗೋದು ಸುಲಭ, ಆದ್ರೆ ಇದು ರಾಜ್ಯದ್ದಲ್ಲ, ಬರೀ ಸಿಟಿದು. ಶುರುವಾಗಿದ್ದು 1873ರಲ್ಲಿ, ಬಾಸ್ ಟ್ವೀಡ್ ಅನ್ನೋ ರಾಜಕಾರಣಿ ಮತ್ತವನ ಗುಂಪು ಸಿಟಿ ಖಜಾನೆನ ಕೊಳ್ಳೆ ಹೊಡೆದಿದ್ದು ಬಯಲಾದ ಮೇಲೆ. ಇದ್ರ ಕಮಿಷನರ್‌ನ ಮೇಯರ್ ಹೆಸರಿಸ್ತಾರೆ, ಸಿಟಿ ಕೌನ್ಸಿಲ್ ಒಪ್ಬೇಕು. ಮೇಯರ್ ಕೆಲ್ಸದಿಂದ ತೆಗೀಬಹುದು, ಆದ್ರೆ ಕಾರಣ ಬರೆದು ಕೊಡ್ಬೇಕು, 2018ರಲ್ಲಿ ಹಂಗೆ ತೆಗೆದೂ ಹಾಕಿದ್ರು. ಮೇಯರ್ ಕೈ ಕೆಳಗಿರೋ ಇಲಾಖೆಗಳ ಮೇಲೆ ಕಣ್ಣಿಡೋರನ್ನ ಮೇಯರೇ ನೇಮಿಸೋದು ನನಗೆ ಅಷ್ಟು ಸರಿ ಅನ್ಸಲ್ಲ, ಆದ್ರೂ ಸಿಟಿ ವಿಷಯಕ್ಕೆ ದೂರು ಕೊಡೋಕೆ ಮೊದಲು ಹೋಗ್ಬೇಕಾದ ಜಾಗ ಇದೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇಲ್ಲಿ ಕೊಡೋನೂ ಅಪರಾಧೀನೇ, ತಗೊಳ್ಳೋನೂ ಅಪರಾಧೀನೇ, ಎಷ್ಟು ಡಾಲರ್ ಅನ್ನೋದು ಲೆಕ್ಕಕ್ಕೇ ಬರಲ್ಲ, ಸಣ್ಣ ಮೊತ್ತ ಆದ್ರೂ ನ್ಯೂಯಾರ್ಕ್ ಕಾನೂನಲ್ಲಿ ಲಂಚ ಅನ್ನೋದು ಫೆಲನಿ, ಅಂದ್ರೆ ಗಂಭೀರ ಅಪರಾಧ. ವೀಸಾ ಇಲ್ಲಾ ಗ್ರೀನ್ ಕಾರ್ಡ್ ಮೇಲಿರೋರಿಗೆ ಅಂಥದ್ದೊಂದು ಕನ್ವಿಕ್ಷನ್ ಆದ್ರೆ ಇಲ್ಲಿನ ಬದುಕೇ ಬುಡಮೇಲಾಗಬಹುದು. 2015ರ ಫೆಬ್ರವರಿಲಿ ಡಿಓಐ ಮತ್ತೆ ಮ್ಯಾನ್‌ಹ್ಯಾಟನ್ ಡಿಸ್ಟ್ರಿಕ್ಟ್ ಅಟಾರ್ನಿ (ಅಲ್ಲಿನ ಸರ್ಕಾರಿ ಪ್ರಾಸಿಕ್ಯೂಟರ್) ಸೇರಿ ಕಟ್ಟಡ ಇನ್ಸ್‌ಪೆಕ್ಷನ್ ಲಂಚದ ಕೇಸಲ್ಲಿ 50 ಜನರ ಮೇಲೆ ಆರೋಪ ಹೊರಿಸಿದ್ರು, ಅದ್ರಲ್ಲಿ ಇನ್ಸ್‌ಪೆಕ್ಟರ್‌ಗಳಿಗಿಂತ ಹೊರಗಿನವ್ರೇ ಜಾಸ್ತಿ, ಕಟ್ಟಡದ ಮಾಲೀಕರು, ಕಾಂಟ್ರ್ಯಾಕ್ಟರ್‌ಗಳು, ಎಕ್ಸ್‌ಪೆಡೈಟರ್‌ಗಳು.

ಈ ಎಕ್ಸ್‌ಪೆಡೈಟರ್ ಅಂದ್ರೆ ಬಿಲ್ಡಿಂಗ್ ಡಿಪಾರ್ಟ್‌ಮೆಂಟಲ್ಲಿ ನಿಮ್ಮ ಪರವಾಗಿ ಅರ್ಜಿ ಹಾಕಿ ಓಡಾಡೋರು. ಅವ್ರನ್ನ ಇಟ್ಕೊಳ್ಳೋದು ತಪ್ಪೇನಲ್ಲ, ತುಂಬ ಜನ ನಿಯತ್ತಾಗಿ ಕೆಲ್ಸ ಮಾಡ್ತಾರೆ. ಆದ್ರೆ ಬಿಲ್ಲಲ್ಲಿ ತೋರಿಸದೆ ಕ್ಯಾಶ್ ಬೇರೆ ಬೇಕು, ಅದು ಯಾರಿಗೆ ಅಂತ ಕೇಳ್ಬೇಡಿ ಅಂದ್ರೆ ಅಲ್ಲೇ ನಿಲ್ಲಿಸಿ. ಮಧ್ಯದವನ ಕೈಲಿ ಕೊಟ್ರೆ ನಿಮ್ಮ ಕೈ ಶುದ್ಧ ಅಂತ ಅಲ್ಲ. ಸಿಟಿ ಫೀಸು ಏನೇ ಇದ್ರೂ ಸಿಟಿ ಹೆಸ್ರಿಗೇ ಕಟ್ಟಿ ರಸೀದಿ ಇಟ್ಕೊಳ್ಳಿ. ಕೆಲ್ಸ ಆದ್ಮೇಲೆ ಖುಷಿಗೆ ಅಂತ ಕೊಡೋದೂ ಬೇಡ, ಸಿಟಿ ನೌಕರರು ತಮ್ಮ ಕೆಲ್ಸಕ್ಕೆ ಟಿಪ್ಸ್ ತಗೊಳ್ಳೋ ಹಾಗೇ ಇಲ್ಲ.

ಕೇಳಿದ್ರೆ ಏನ್ ಮಾಡೋದು? ಜಗಳಕ್ಕೆ ನಿಲ್ಲಬೇಡಿ, ಹೂಂ ಅಂತಾನೂ ಅನ್ಬೇಡಿ. ಹೆಸ್ರು, ಬ್ಯಾಡ್ಜ್ ನಂಬರ್ ಕಂಡ್ರೆ ಅದು, ತಾರೀಖು, ಟೈಮು, ಏನಂದ್ರೋ ಅದೇ ಮಾತುಗಳನ್ನ ಅವತ್ತೇ ಬರೆದಿಟ್ಕೊಳ್ಳಿ, ಮೆಸೇಜ್ ಬಂದಿದ್ರೆ ಡಿಲೀಟ್ ಮಾಡ್ಬೇಡಿ. ಆಮೇಲೆ ಸಿಟಿ ಸಹಾಯವಾಣಿ 311ಗೆ ಕಾಲ್ ಮಾಡಿ ಡಿಓಐಗೆ ದೂರು ಕೊಡ್ಬೇಕು ಅನ್ನಿ, ಇಲ್ಲಾ ಅವ್ರ ವೆಬ್‌ಸೈಟಲ್ಲಿ ಫಾರ್ಮ್ ತುಂಬಿ. ಹೆಸ್ರು ಹೇಳ್ದೇನೂ ಕೊಡಬಹುದು, ಆದ್ರೆ ಅವ್ರಿಗೆ ವಾಪಸ್ ಏನಾದ್ರೂ ಕೇಳೋಕೆ ದಾರಿ ಇರಲ್ಲ, ಅದಕ್ಕೇ ಆದಷ್ಟೂ ಕಾಂಟ್ಯಾಕ್ಟ್ ಕೊಡಿ ಅಂತೀನಿ. ಮನೇಲಿ ಅಪ್ಪ ಅಮ್ಮ ಇಂಗ್ಲಿಷಲ್ಲಿ ತಡವರಿಸ್ತಾರೆ ಅಂದ್ರೆ 311ರಲ್ಲಿ ಇಂಟರ್‌ಪ್ರಿಟರ್ ಕೇಳಿ, ಮುಜುಗರ ಪಡೋಕೇನಿಲ್ಲ. ಬೆದರಿಸಿ ದುಡ್ಡು ಕಿತ್ಕೊಂಡಿದ್ರೆ ಅದನ್ನ ಕಾನೂನು ಬೇರೆ ಥರ ನೋಡತ್ತೆ, ಈಗಾಗ್ಲೇ ಕೊಟ್ಟುಬಿಟ್ಟಿದೀರಿ ಅಂದ್ರೆ ಎಲ್ಲಾದಕ್ಕಿಂತ ಮುಂಚೆ ಒಬ್ಬ ಲಾಯರ್ ಹತ್ರ ಮಾತಾಡಿ.

ಐಟಿಯವ್ರಿಗೆ ಒಂದು ಮಾತು, ಯಾಕಂದ್ರೆ ನಮ್ಮಲ್ಲಿ ಎಷ್ಟೋ ಜನ ಕನ್ಸಲ್ಟೆಂಟ್ ಆಗಿ ಸಿಟಿ ಪ್ರಾಜೆಕ್ಟ್‌ಗಳಲ್ಲಿ ಇರ್ತಾರೆ. ಸಿಟಿಟೈಮ್ ಅಂತ ಒಂದು ಪೇರೋಲ್ ಪ್ರಾಜೆಕ್ಟ್ ಇತ್ತು, 63 ಮಿಲಿಯನ್ ಡಾಲರ್ ಅಂತ ಶುರುವಾಗಿ 600 ಮಿಲಿಯನ್ ದಾಟಿಹೋಯ್ತು, ಕನ್ಸಲ್ಟೆಂಟ್ ಬಿಲ್ಲಿಂಗ್ ಒಳಗೆ ಕಿಕ್‌ಬ್ಯಾಕ್, ಅಂದ್ರೆ ಕಳ್ಳ ಕಮಿಷನ್, ಹರಿದಾಡ್ತಿತ್ತು. ಡಿಓಐ ಮತ್ತೆ ಫೆಡರಲ್ ಪ್ರಾಸಿಕ್ಯೂಟರ್‌ಗಳು ಸೇರಿ ಅದನ್ನ ಬಯಲಿಗೆಳೆದ್ರು, ಮುಖ್ಯ ಕಾಂಟ್ರ್ಯಾಕ್ಟರ್ ಕಂಪನಿ ಎಸ್‌ಎಐಸಿ 2012ರಲ್ಲಿ 500 ಮಿಲಿಯನ್ ಡಾಲರ್ ಕಟ್ಟೋಕೆ ಒಪ್ಕೊಳ್ತು, ಕೆಲವ್ರು ಜೈಲಿಗೂ ಹೋದ್ರು. ಹಾಗಾಗಿ ಮ್ಯಾನೇಜರ್ ಮಾಡದ ಗಂಟೆಗಳನ್ನ ಟೈಮ್‌ಶೀಟಲ್ಲಿ ಹಾಕು ಅಂದ್ರೆ, ವೀಸಾ ಅವ್ರ ಕೈಲಿದೆ ಅನ್ನೋ ಭಯಕ್ಕೆ ಸೈನ್ ಹಾಕ್ಬೇಡಿ. ಭಯ ಆಗತ್ತೆ, ನನಗರ್ಥ ಆಗತ್ತೆ, ಆದ್ರೆ ಸೈನ್ ನಿಮ್ದೇ ಇರತ್ತೆ. 1,00,000 ಡಾಲರ್ ಮೇಲ್ಪಟ್ಟ ಸಿಟಿ ಕಾಂಟ್ರ್ಯಾಕ್ಟಲ್ಲಿ ಕೆಲ್ಸ ಮಾಡೋರು ಡಿಓಐಗೆ ದೂರು ಕೊಟ್ರೆ ಅದಕ್ಕೆ ಕಂಪನಿ ಸೇಡು ತೀರಿಸ್ಕೊಳ್ಳೋ ಹಾಗಿಲ್ಲ ಅಂತ ವಿಸಲ್‌ಬ್ಲೋವರ್ ಕಾನೂನಿದೆ. ನೇರ ಸಿಟಿ ನೌಕರಿಲಿ ಇದ್ರಂತೂ ಕಂಡ ಭ್ರಷ್ಟಾಚಾರ ತಿಳಿಸೋದು ಕರ್ತವ್ಯಾನೇ, ಮೇಯರ್ ಹೊರಡಿಸಿದ 1978ರ ಎಕ್ಸಿಕ್ಯೂಟಿವ್ ಆರ್ಡರ್ 16 ಪ್ರಕಾರ ಸುಮ್ನಿದ್ರೆ ಕೆಲ್ಸಾನೂ ಹೋಗಬಹುದು.

ದೂರು ಕೊಟ್ಟ ಮಾರನೇ ದಿನಾನೇ ಯಾರನ್ನೋ ಹಿಡ್ಕೊಂಡ್ ಹೋಗ್ತಾರೆ ಅಂತ ಕಾಯ್ಬೇಡಿ. ತನಿಖೆ ಗುಟ್ಟಾಗಿ ನಡಿಯತ್ತೆ, ಡಿಓಐ ತಾನೇ ಕೋರ್ಟಲ್ಲಿ ಕ್ರಿಮಿನಲ್ ಕೇಸ್ ನಡೆಸಲ್ಲ, ಸಾಕ್ಷಿ ಸೇರಿಸಿ ಪ್ರಾಸಿಕ್ಯೂಟರ್‌ಗಳಿಗೆ ಕೊಡತ್ತೆ. 2024ರ ಫೆಬ್ರವರಿಲಿ ಸಿಟಿಯ ಸರ್ಕಾರಿ ವಸತಿ ಸಂಸ್ಥೆ ನೈಚಾದ 70 ಜನ ಹಾಲಿ ಮಾಜಿ ನೌಕರರ ಮೇಲೆ ಒಂದೇ ದಿನ ಫೆಡರಲ್ ಕೇಸ್ ಬಿತ್ತು, 10,000 ಡಾಲರ್ ಒಳಗಿನ ಸಣ್ಣ ಸಣ್ಣ ರಿಪೇರಿ ಕೆಲ್ಸ ಕೊಡೋಕೆ ಕಾಂಟ್ರ್ಯಾಕ್ಟರ್‌ಗಳ ಹತ್ರ ಕಾಸು ಕೇಳ್ತಿದ್ರು ಅಂತ. ಅಲ್ಲೂ ಡಿಓಐ ವರ್ಷಗಟ್ಲೆ ಕೆಲ್ಸ ಮಾಡಿತ್ತು.

ಎಲ್ಲಾದನ್ನೂ ಇವ್ರ ಹತ್ರ ಒಯ್ಬೇಡಿ. ಓನರ್ ಹೀಟಿಂಗ್ ಕೊಡ್ತಿಲ್ಲ ಅನ್ನೋದಕ್ಕೆ 311 ಸಾಕು, ಪೊಲೀಸಪ್ಪ ಹೊಡೆದ ಇಲ್ಲಾ ಬೈದ ಅಂದ್ರೆ ಸಿಸಿಆರ್‌ಬಿ (ಪೊಲೀಸರ ಮೇಲಿನ ದೂರು ನೋಡೋ ಮಂಡಳಿ), ಸಬ್‌ವೇಯವ್ರ ಭ್ರಷ್ಟಾಚಾರ ಆದ್ರೆ ಸಬ್‌ವೇ ನಡೆಸೋ ಎಂಟಿಎ ಸಂಸ್ಥೆಯ ಇನ್ಸ್‌ಪೆಕ್ಟರ್ ಜನರಲ್. ಆದ್ರೆ ಮನೆ ಖಾಲಿ ಮಾಡ್ಸೋಕೆ ಬರೋ ಸಿಟಿ ಮಾರ್ಷಲ್ ಅಡ್ಡದಾರಿ ಹಿಡಿದ್ರೆ ಅದು ಡಿಓಐ ವ್ಯಾಪ್ತಿಗೇ ಬರತ್ತೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಮತ್ತೆ ಎಡಿಸನ್, ಜರ್ಸಿ ಸಿಟಿ ಕಡೆ ಇರೋ ನಮ್ಮವ್ರು ಗಮನಿಸಿ, ಅಲ್ಲಿನ ಮುನ್ಸಿಪಾಲಿಟಿ ವಿಷಯ ಡಿಓಐ ಮುಟ್ಟಲ್ಲ, ನ್ಯೂಜೆರ್ಸಿ ಅಟಾರ್ನಿ ಜನರಲ್ ಆಫೀಸಿಗೇ ಹೋಗ್ಬೇಕು.