ಹೊಸಬರಿಗೆ ಮಾರ್ಗದರ್ಶಿ: ಕೊಲ್ಲಿ ನಾಡಿನ ರುಚಿ, ಕಾಸರಗೋಡಿನ ಅಡುಗೆಮನೆ

ದುಬೈ, ದೋಹಾ, ಮಸ್ಕತ್ ಮುಂತಾದೆಡೆ ವರ್ಷಗಟ್ಟಲೆ ಇದ್ದು ಕಾಸರಗೋಡಿಗೆ ಬಂದು ನೆಲೆಸುವ ಕುಟುಂಬಗಳು ಕನ್ನಡ ಶಾಲೆ, ಪಡಿತರ ಚೀಟಿ, ಬಾಡಿಗೆ ಮನೆಗಳ ಬಗ್ಗೆ ನಮ್ಮ ಸಂಘದಲ್ಲಿ ಧಾರಾಳವಾಗಿ ವಿಚಾರಿಸುತ್ತವೆ. ಊಟದ ಮಾತನ್ನು ಮಾತ್ರ ಹೊರಡುವ ಹೊತ್ತಿಗೆ, ತುಸು ಸಂಕೋಚದಿಂದ ಎತ್ತುತ್ತವೆ. ಹಿರಿಯರಿಗೆ ಕುಚ್ಚಲಕ್ಕಿ ಅನ್ನ, ನೀರುದೋಸೆ, ಪತ್ರೊಡೆ ಮತ್ತೆ ಸಿಕ್ಕಿದ ಸಂತೋಷವಿರುತ್ತದೆ. ಆದರೆ ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಖುಬ್ಬೂಸ್ ಎಂಬ ಉಬ್ಬಿದ ರೊಟ್ಟಿ, ಲಬ್ನೆ ಎಂಬ ನೀರಿಳಿಸಿದ ಮೊಸರು, ಹಮ್ಮುಸ್ ಎಂಬ ಕಡಲೆಯ ಚಟ್ನಿಗಳೇ ದಿನನಿತ್ಯದ ತಿಂಡಿ. ಅವನ್ನು ಕೇಳಿದ ಮಗುವನ್ನು ಜಂಬದ ಮಗುವೆಂದು ಗದರುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಪರದೇಶದಲ್ಲಿ ಹಲಸಿನ ಹಪ್ಪಳಕ್ಕಾಗಿ ತಾವು ಹಂಬಲಿಸಿದ್ದನ್ನು ಹೆತ್ತವರು ಮರೆತಿರಲಾರರು.

ಮಾಂಸಾಹಾರಿಗಳು ಹೆಚ್ಚು ಹುಡುಕಬೇಕಾಗಿಲ್ಲ. ಮಂದಿ ಎಂಬ ಮಾಂಸದ ಅನ್ನ, ಅಲ್‌ಫಹಮ್ ಎಂಬ ಕೆಂಡದಲ್ಲಿ ಸುಟ್ಟ ಕೋಳಿ, ರೊಟ್ಟಿಯಲ್ಲಿ ಮಾಂಸ ಸುತ್ತಿಕೊಡುವ ಶವರ್ಮಾಗಳು ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಗಳಲ್ಲಿ ಸುಲಭವಾಗಿ ಸಿಗುತ್ತವೆ. ಶವರ್ಮಾದಲ್ಲಿ ಮಾತ್ರ ಎಚ್ಚರ ಬೇಕು. 2022ರಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ವಿಷಾಹಾರದಿಂದ ಮೃತಪಟ್ಟ ಬಳಿಕ ಕೇರಳ ಸರಕಾರವು ನಿಯಮಗಳನ್ನು ಬಿಗಿಗೊಳಿಸಿದ್ದು, ಪಾರ್ಸೆಲಿನ ಮೇಲೆ ತಯಾರಿಸಿದ ದಿನ ಮತ್ತು ಸಮಯವನ್ನು ನಮೂದಿಸಬೇಕು, ಒಂದು ಗಂಟೆಯೊಳಗೆ ತಿನ್ನಬೇಕು ಎಂದು ಹೇಳಲಾಗಿದೆ. ಹಸಿ ಮೊಟ್ಟೆಯ ಮಯೋನೈಸ್ 2023ರ ಜನವರಿಯಿಂದ ನಿಷಿದ್ಧ. ಚೀಟಿಯಿಲ್ಲದ ಪಾರ್ಸೆಲನ್ನು ಮಕ್ಕಳಿಗೆ ಕೊಡಬೇಡಿ.

ಮನೆಯಲ್ಲಿ ಮೊದಲು ಕಲಿಯಬೇಕಾದದ್ದು ಖುಬ್ಬೂಸ್. ಪೇಟೆಯಲ್ಲಿ ಸಿಗುವ ಕಟ್ಟು ಮರುದಿನವೇ ಒಣಗುತ್ತದೆ. ಅರ್ಧ ಕಿಲೋ ಹಿಟ್ಟಿಗೆ, ಅಂದರೆ ಅರ್ಧ ಮೈದಾ, ಅರ್ಧ ಗೋಧಿಗೆ, ಒಂದೊಂದು ಚಮಚ ಒಣ ಯೀಸ್ಟ್, ಸಕ್ಕರೆ ಮತ್ತು ಉಪ್ಪು ಸೇರಿಸಿ, ಸುಮಾರು 300 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತಗೆ ನಾದಬೇಕು. ನಮ್ಮ ಬೇಸಗೆಯ ಸೆಕೆಯಲ್ಲಿ ಮುಕ್ಕಾಲು ಗಂಟೆಯೊಳಗೆ ಹಿಟ್ಟು ಇಮ್ಮಡಿಯಾಗಿ ಉಬ್ಬುತ್ತದೆ. ಆಟಿ ತಿಂಗಳ ಮಳೆಯಲ್ಲಿ ತುಸು ಹೆಚ್ಚು ಕಾಯಬೇಕಾಗುತ್ತದೆ. ಚಪಾತಿಗಿಂತ ದಪ್ಪಗೆ, ಎಲ್ಲಿಯೂ ಮಡಿಕೆ ಬೀಳದಂತೆ ಲಟ್ಟಿಸಿ, ಹತ್ತು ನಿಮಿಷ ಒದ್ದೆ ಬಟ್ಟೆ ಮುಚ್ಚಿಟ್ಟು, ಚೆನ್ನಾಗಿ ಕಾದ ಕಬ್ಬಿಣದ ಕಾವಲಿಯಲ್ಲಿ ಎಣ್ಣೆ ಹಾಕದೆ ಬೇಯಿಸಬೇಕು. ಒಳಗಿನ ಹಬೆಯೇ ಅದನ್ನು ಎರಡು ಪದರವಾಗಿ ಬಿಡಿಸುತ್ತದೆ. ಮಡಿಕೆಯಿದ್ದಲ್ಲಿ ಹಬೆ ಸೋರಿಹೋಗುವುದರಿಂದ ಅದು ಉಬ್ಬದೆ ಉಳಿಯುತ್ತದೆ. ಬೆಂದವನ್ನು ಕೂಡಲೇ ಒಂದರ ಮೇಲೊಂದಿಟ್ಟು ಬಟ್ಟೆಯಲ್ಲಿ ಸುತ್ತಿದರೆ ರಾತ್ರಿಯವರೆಗೂ ಮೆತ್ತಗಿರುತ್ತವೆ.

ಲಬ್ನೆಗೆ ಗಟ್ಟಿ ಮೊಸರು ಮತ್ತು ಉಪ್ಪು ಸಾಕು. ತೆಳು ಬಟ್ಟೆಯಲ್ಲಿ ಕಟ್ಟಿದ ಮೊಸರನ್ನು ಇಲ್ಲಿಯ ಹವೆಯಲ್ಲಿ ಹೊರಗೆ ತೂಗುಹಾಕಿದರೆ ಹುಳಿ ಏರುತ್ತದೆ. ಜಾಲರಿಯ ಮೇಲಿಟ್ಟು ಫ್ರಿಜ್ಜಿನಲ್ಲೇ ರಾತ್ರಿಯಿಡೀ ಸೋಸಬೇಕು. ಇಳಿದ ನೀರನ್ನು ಖುಬ್ಬೂಸಿನ ಹಿಟ್ಟು ನಾದಲು ಬಳಸಬಹುದು. ಹಮ್ಮುಸ್‌ಗೆ ಕಾಬೂಲಿ ಕಡಲೆಯನ್ನು ರಾತ್ರಿ ನೆನೆಸಿ, ಚಿಟಿಕೆ ಸೋಡಾ ಹಾಕಿ ಸಿಪ್ಪೆ ಬಿಡುವಷ್ಟು ಬೇಯಿಸಿ, ಬೆಳ್ಳುಳ್ಳಿ, ಲಿಂಬೆರಸ ಮತ್ತು ತಹೀನಿಯೊಂದಿಗೆ ರುಬ್ಬಬೇಕು. ತಹೀನಿ ಎಂದರೆ ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಕೆಂಪಾಗದಂತೆ ಬೆಚ್ಚಗೆ ಹುರಿದು ಅರೆದ ಹಿಟ್ಟು; ಅರೆಯುವಾಗ ತೆಂಗಿನೆಣ್ಣೆ ಹಾಕಿದರೆ ಅದರ ಪರಿಮಳವೇ ಮೇಲಾಗುತ್ತದೆ. ಝಾತರ್ ಎಂಬ ಅರಬ್ ಮಸಾಲೆ ಪುಡಿಯಲ್ಲಿ ಹುಳಿಗೆ ಬಳಸುವ ಸುಮಾಕ್ ಎಂಬ ಕೆಂಪು ಪುಡಿ ಇಲ್ಲಿಯ ಅಂಗಡಿಗಳಲ್ಲಿ ಅಪರೂಪ. ಒಣಗಿದ ಪುನರ್ಪುಳಿ ಸಿಪ್ಪೆಯ ಪುಡಿಯು ಬಣ್ಣ ಮತ್ತು ಹುಳಿಯನ್ನು ಕೊಡುತ್ತದೆ, ರುಚಿ ಬೇರೆಯೇ. ಹಾಗೆಂದು ಮಕ್ಕಳಿಗೆ ಮೊದಲೇ ತಿಳಿಸುವುದು ಒಳಿತು.

ಕರಕ್ ಎಂಬ ಕಡು ಹಾಲಿನ ಚಹಾಕ್ಕೆ ಕೊಲ್ಲಿ ನಾಡಿನಲ್ಲಿ ಬಳಸುವುದು ಸಕ್ಕರೆಯಿಲ್ಲದ, ನೀರಿನಂಶ ತೆಗೆದ ಡಬ್ಬಿ ಹಾಲು. ಇಲ್ಲಿ ಹೆಚ್ಚಾಗಿ ಸಿಗುವುದು ಸಿಹಿ ಬೆರೆತ ಮಂದ ಹಾಲು. ಎರಡೂ ಒಂದೆಂದು ತಿಳಿದು ಕೊಂಡವರೇ ಹೆಚ್ಚು. ಒಂದು ಲೀಟರ್ ಹಾಲನ್ನು ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಿದರೆ ಕೆಲಸ ನಡೆಯುತ್ತದೆ. ಖರ್ಜೂರಕ್ಕೆ ರಂಜಾನ್ ಕಾಲವೇ ಪ್ರಶಸ್ತ. ಹಳದಿ ಬಣ್ಣದ ಹಸಿ ಖರ್ಜೂರ ಬೇಕಾದವರು ಮಳೆಗಾಲದಲ್ಲಿ ಮಂಗಳೂರಿನ ಹಣ್ಣಿನಂಗಡಿಗಳಲ್ಲಿ ವಿಚಾರಿಸಬಹುದು. ಗುಜರಾತಿನ ಕಛ್‌ನ ಬೆಳೆ ಮಾರುಕಟ್ಟೆಗೆ ಬರುವುದು ಆಗಲೇ.

ಇನ್ನೂ ಅಲ್ಲಿರುವ ಬಂಧುಗಳ ಕೈಯಲ್ಲಿ ಸಾಮಾನು ತರಿಸುವವರು ತಹೀನಿ, ಜೇನು, ಮೆತ್ತನೆಯ ಚೀಸುಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡುವಂತೆ ತಿಳಿಸಬೇಕು, ಏಕೆಂದರೆ ಕೈಚೀಲದಲ್ಲಿ ಇವನ್ನು ದ್ರವವೆಂದೇ ಪರಿಗಣಿಸುವುದರಿಂದ 100 ಮಿಲಿಗಿಂತ ದೊಡ್ಡ ಡಬ್ಬಿಗಳನ್ನು ಬಿಡುವುದಿಲ್ಲ. ಅವರು ಮರಳುವಾಗ ನೀವು ಕಟ್ಟಿಕೊಡುವ ಮಸಾಲೆ ಪುಡಿಯಲ್ಲಾಗಲಿ ಸಿಹಿತಿಂಡಿಯಲ್ಲಾಗಲಿ ಗಸಗಸೆ ಇರಕೂಡದು. ಯುಎಇ, ಸೌದಿ ಅರೇಬಿಯ, ಕತಾರ್‌ಗಳಲ್ಲಿ ಅದು ನಿಷೇಧಿತ ವಸ್ತು. ಪಾಯಸಕ್ಕೆಂದು ತಂದದ್ದು ಎಂಬ ಸಮಜಾಯಿಷಿ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ.