ಕಲಬುರಗಿಯಿಂದ ಆಗುಂಬೆಯ ಮಳೆಕಾಡಿಗೆ: ನನ್ನ ಅನುಭವ

ಖಡಕ್ ರೊಟ್ಟಿ ನಮ್ಮ ಮನೆಯಲ್ಲಿ ವಾರಗಟ್ಟಲೆ ಇರುತ್ತದೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಟ್ಟರೆ ಮುಗೀತು, ಯಾವಾಗ ಮುರಿದರೂ ಟಕ್ ಅನ್ನುತ್ತದೆ. ಆಗುಂಬೆಯಲ್ಲಿ ಎರಡನೇ ದಿನ ಬೆಳಿಗ್ಗೆ ಗಂಟು ಬಿಚ್ಚಿದೆ. ರೊಟ್ಟಿಯನ್ನು ಮಡಚಿದರೂ ಮುರಿಯಲಿಲ್ಲ. ಒಂದೇ ರಾತ್ರಿಗೆ ಗಾಳಿಯ ತೇವ ಕುಡಿದು ಚಪಾತಿಯ ಹಾಗಾಗಿತ್ತು. ಬೆಂಕಿಕಡ್ಡಿ ಗೀರಿದೆ, ತುದಿಯ ಮದ್ದು ಉದುರಿ ಬಿತ್ತು.

ನಾನು ಹುಟ್ಟಿ ಬೆಳೆದದ್ದು ಸೇಡಂ ಕಡೆಯ ಹಳ್ಳಿಯಲ್ಲಿ, ಈಗ ಇರುವುದು ಕಲಬುರಗಿಯಲ್ಲಿ. ನಮ್ಮಲ್ಲಿ ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸು ಮಳೆ ಬಂದರೆ ಒಳ್ಳೆ ವರ್ಷ. ಆಗುಂಬೆಯಲ್ಲಿ 7,000ಕ್ಕೂ ಜಾಸ್ತಿ. ಅಂಥ ಕಾಡನ್ನು ಒಮ್ಮೆ ಒಳಗಿನಿಂದ ನೋಡಬೇಕು, ಅಲ್ಲಿ ದಾರಿ ತಪ್ಪಿದರೆ ಹೇಗೆ ಬದುಕಬೇಕು ಅಂತ ಕಲಿಯಬೇಕು ಅನ್ನುವುದು ಬಹಳ ವರ್ಷದ ಆಸೆ. ನಾಲ್ಕು ಜನ ಸೇರಿ ಸೆಪ್ಟೆಂಬರ್ ಕೊನೆಗೆ ಹೊರಟೆವು. ಆ ಹೊತ್ತಿಗೆ ಮಳೆಯ ಜೋರು ಇಳಿದಿರುತ್ತದೆ, ಹಳ್ಳಗಳಲ್ಲಿ ನೀರು ಇನ್ನೂ ತುಂಬಿರುತ್ತದೆ. ಮಂಗನ ಕಾಯಿಲೆಯ ಕಾಲವೂ ಶುರುವಾಗಿರುವುದಿಲ್ಲ. ಉಣ್ಣೆ ಕಚ್ಚಿ ಹರಡುವ ಆ ಜ್ವರ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆವರೆಗೆ ಅದರ ಭಯ ಹೆಚ್ಚು.

ಗೈಡ್ ಹುಡುಕುವುದಕ್ಕೆ ನಾನು ತುಂಬಾ ಸಮಯ ಕೊಟ್ಟೆ. ಸುಮ್ನೆ ಕಡಿಮೆ ದುಡ್ಡು ನೋಡಿ ಬುಕ್ ಮಾಡಬೇಡಿ. ಫೋನಿನಲ್ಲಿ ಒಬ್ಬರು "ಹಾವು ಹಿಡಿದು ಕೈಗೆ ಕೊಡ್ತೀವಿ, ಫೋಟೊ ತೆಗೀರಿ" ಅಂದರು. ಅವರನ್ನು ಅಲ್ಲಿಗೇ ಬಿಟ್ಟೆ. ಅದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಹಾವಿಗೂ ಹಿಂಸೆ. ಕೊನೆಗೆ ಸಿಕ್ಕವರು ಆಗುಂಬೆಯವರೇ. ಅರಣ್ಯ ಇಲಾಖೆಯ ಅನುಮತಿ ಇರುವ ದಾರಿಯಲ್ಲಿ ಮಾತ್ರ ಕರೆದೊಯ್ಯುತ್ತೇನೆ, ಬೆಂಕಿ ಹೊತ್ತಿಸುವ ಪಾಠ ಕಾಡಿನಲ್ಲಿ ಬೇಡ, ನನ್ನ ತೋಟದಲ್ಲಿ ಅಂತ ಮೊದಲೇ ಹೇಳಿದರು. ನನಗೆ ಅಷ್ಟು ಸಾಕಾಯಿತು.

ಹೊರಡುವ ಮೊದಲು ಒಂದು ತಿಂಗಳು ದಿನಾ ಬೆಳಿಗ್ಗೆ ಕಲಬುರಗಿಯ ಅಪ್ಪನ ಕೆರೆಯ ಸುತ್ತ ಬೆನ್ನಿಗೆ ಎಂಟು ಕೆಜಿ ಚೀಲ ಹಾಕಿಕೊಂಡು ನಡೆದೆ. ಕಾಲಿಗೆ ಅದು ಉಪಯೋಗಕ್ಕೆ ಬಂತು. ಬಟ್ಟೆಯಲ್ಲಿ ಮಾತ್ರ ತಪ್ಪಿದೆ. ಗಟ್ಟಿ ಇರಲಿ ಅಂತ ಜೀನ್ಸ್ ಹಾಕಿದ್ದೆ. ಅದು ನೀರು ಕುಡಿದು ಕಲ್ಲಿನಷ್ಟು ಭಾರವಾಯಿತು, ಮೂರು ದಿನವಾದರೂ ಒಣಗಲಿಲ್ಲ. ನೆಂದ ಹತ್ತಿ ಬಟ್ಟೆ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. 44 ಡಿಗ್ರಿ ಬಿಸಿಲಿನಲ್ಲಿ ಓಡಾಡಿದ ನಾನು ಸಣ್ಣ ಗಾಳಿಗೆ ಹಲ್ಲು ಕಡಕಡ ಅಂತ ನಡುಗಿದೆ. ನಮ್ಮ ಕಡೆ ಬದುಕಬೇಕೆಂದರೆ ನೆರಳು ಮತ್ತು ನೀರು ಹುಡುಕಬೇಕು. ಅಲ್ಲಿ ಮೊದಲು ಮೈ ಒಣಗಿಸಿಕೊಳ್ಳಬೇಕು. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಏನೇ ಆದರೂ ಮಲಗುವವರೆಗೆ ಮುಟ್ಟಬಾರದು.

ಇಂಬಳದ, ಅಂದರೆ ಕಾಡಿನ ಜಿಗಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಅದು ಏನೋ ಬಿಡುವುದರಿಂದ ಬಿದ್ದ ಮೇಲೂ ರಕ್ತ ಸುರಿಯುತ್ತದೆ. ನಾವು ಒಂದು ಪೊಟ್ಟಣ ಉಪ್ಪು ತಂದಿದ್ದೆವು. ಗೈಡ್ ಬೇಡ ಅಂದರು. ಉಪ್ಪು ಹಾಕಿದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದಂತೆ. ಬಾಯಿ ಹತ್ತಿರ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ತಾನೇ ಬಿಟ್ಟುಬಿಡುತ್ತದೆ. ಮೊದಲ ದಿನ ಹನ್ನೊಂದು ಎಣಿಸಿದೆ, ಆಮೇಲೆ ಎಣಿಸಲಿಲ್ಲ.

ಎರಡನೇ ದಿನ ಗೈಡ್ ಒಂದು ಗಿಡದ ಮುಂದೆ ನಿಂತು "ಏನು ಕಾಣ್ತಿದೆ?" ಅಂದರು. ಎಲೆ, ಪಾಚಿ, ನೀರಿನ ಹನಿ. ಒಂದು ನಿಮಿಷ ನೋಡಿದೆ. "ಇನ್ನೂ ಹತ್ತಿರ ನೋಡಿ" ಅಂದರು. ನನ್ನ ಎದೆಯ ಎತ್ತರದ ಕೊಂಬೆಯಲ್ಲಿ, ಮೂರು ಅಡಿ ದೂರದಲ್ಲಿ, ಹಸಿರು ಗುಳಿಮಂಡಲ ಸುರುಳಿ ಸುತ್ತಿ ಕೂತಿತ್ತು. ತ್ರಿಕೋನದ ತಲೆ. ಮೂಗಿಗೂ ಕಣ್ಣಿಗೂ ನಡುವೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಗುಳಿ. ಅದರಿಂದಲೇ ಅದು ಕತ್ತಲಲ್ಲಿ ಇಲಿಗಳ ಮೈಬಿಸಿ ತಿಳಿಯುವುದು. ಮಳೆಹನಿ ಹಾವಿನ ಬೆನ್ನ ಮೇಲೆ ಬಿದ್ದು ಜಾರಿತು, ಅದು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ನಾನು ಅಂಥದೇ ಕೊಂಬೆ ಹಿಡಿದು ದಿಬ್ಬ ಹತ್ತಿದ್ದೆ.

ಆಗ ಅರ್ಥವಾಯಿತು. ನನ್ನ ಕಣ್ಣು ಬಯಲಿನ ಕಣ್ಣು. ತೊಗರಿ ಹೊಲದ ಆಚೆ ಚಿಗರಿ ನಿಂತರೆ ಅರ್ಧ ಮೈಲಿಯಿಂದ ಗುರುತು ಹಿಡಿಯುತ್ತೇನೆ. ಇಲ್ಲಿ ಹತ್ತು ಅಡಿಯಾಚೆ ಏನೂ ಇಲ್ಲ. ನೋಡುವುದೆಲ್ಲ ಕೈಗೆಟಕುವಷ್ಟು ಹತ್ತಿರ, ಉಳಿದದ್ದು ಕಿವಿಗೆ.

ವಿಷದ ವಿಷಯವನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಸಿಗುವ ಹಾವಿನ ವಿಷದ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಗುಳಿಮಂಡಲಕ್ಕಾಗಲಿ ಕಾಳಿಂಗಕ್ಕಾಗಲಿ ಅದನ್ನು ಮಾಡಿಲ್ಲ. ಅಲ್ಲಿ ಕೈಯಿಡುವ ಮೊದಲು ನೋಡುವುದೇ ಔಷಧ. ಕಾಳಿಂಗ ನಮಗೆ ಕಾಣಲಿಲ್ಲ. ಆದರೆ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ವೈಜ್ಞಾನಿಕ ಹೆಸರಿನಲ್ಲೂ ಕನ್ನಡದ 'ಕಾಳಿಂಗ'ವನ್ನೇ ಇಟ್ಟರು ಅಂತ ಗೈಡ್ ಹೇಳಿದಾಗ ಮೈ ಜುಂ ಅಂದಿತು.

ಮೂರನೇ ದಿನ ನಾನು ದಾರಿ ತಪ್ಪಿದೆ. ಇದನ್ನು ಬಿಡಿಸಿ ಹೇಳಬೇಕು.

ಶೂ ಬಿಚ್ಚಿ ಇಂಬಳ ತೆಗೆಯಲು ನಿಂತೆ. ಎರಡು ನಿಮಿಷ ಆಗಿರಬಹುದು. ತಲೆ ಎತ್ತಿದರೆ ಮುಂದಿದ್ದವರು ಇಲ್ಲ. ಮಳೆಯ ಸದ್ದಿನಲ್ಲಿ ಹೆಜ್ಜೆಯ ಸದ್ದೂ ಇಲ್ಲ. "ಮುಂದಿನವರು ಕಾಣದಿದ್ದರೆ ನಿಂತಲ್ಲೇ ನಿಲ್ಲಿ, ಮೂರು ಸಲ ಸೀಟಿ ಊದಿ" ಅಂತ ಗೈಡ್ ಬೆಳಿಗ್ಗೆಯೇ ಹೇಳಿದ್ದರು. ಸೀಟಿ ಕೊರಳಲ್ಲೇ ಇತ್ತು. ಆದರೂ ನಾನು ನಡೆದೆ. ಸೂರ್ಯ ಕಾಣಿಸದ ಕಾಡಿನಲ್ಲಿ ದಿಕ್ಕು ಗೊತ್ತಿದೆ ಅಂದುಕೊಂಡೆ. ಕೆಳಗೆ ಹಳ್ಳದ ಸದ್ದು ಕೇಳಿಸಿತು. ನೀರು ಹರಿಯುವ ಕಡೆ ಹೋದರೆ ಊರು ಸಿಗುತ್ತದೆ ಅನ್ನುವುದು ಚಿಕ್ಕಂದಿನಿಂದ ತಲೆಯಲ್ಲಿ ಕೂತ ಮಾತು. ನಮ್ಮ ಯಾವ ಹಳ್ಳ ಹಿಡಿದು ಹೋದರೂ ಕಾಗಿಣಾ ನದಿ ಸಿಗುತ್ತದೆ, ದಂಡೆಗೆ ಒಂದು ಊರು ಸಿಗುತ್ತದೆ.

ಹಳ್ಳದ ಪಕ್ಕ ಇಳಿಯುತ್ತಾ ಹೋದೆ. ಎರಡು ಸಲ ಜಾರಿದೆ. ಎರಡನೇ ಸಲ ಬೆತ್ತದ ಮುಳ್ಳು ಅಂಗೈಗೆ ನೆಟ್ಟಿತು. ಆ ನೋವಿಗೆ ನಿಂತೆ. ನಿಂತಿದ್ದೇ ಒಳ್ಳೆಯದಾಯಿತು. ಸೀಟಿ ಊದಿದೆ. ಮೂರು, ಬಿಟ್ಟು ಮತ್ತೆ ಮೂರು. ಉತ್ತರವಿಲ್ಲ. ಹಳ್ಳದ ಭೋರ್ಗರೆತ ಸೀಟಿಯನ್ನು ನುಂಗುತ್ತಿದೆ ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನದೇ ಜಾರಿದ ಗುರುತು ಹಿಡಿದು ಮೇಲೆ ಹತ್ತಿ, ನೀರಿನ ಸದ್ದು ಕಡಿಮೆಯಾದ ಕಡೆ ದೊಡ್ಡ ಮರಕ್ಕೆ ಬೆನ್ನು ಕೊಟ್ಟು ಕೂತು ಮತ್ತೆ ಊದಿದೆ. ನಾಲ್ಕನೇ ಸರದಿಗೆ ದೂರದಿಂದ ಉತ್ತರ ಬಂತು. ಗಡಿಯಾರ ನೋಡಿದರೆ ನಲವತ್ತು ನಿಮಿಷ ಕಳೆದಿತ್ತು.

ಗೈಡ್ ಬೈಯಲಿಲ್ಲ. ಮುಳ್ಳು ತೆಗೆದರು. ಆಮೇಲೆ ಅಂದರು: "ಇಲ್ಲಿ ಹಳ್ಳ ಊರಿಗೆ ಹೋಗಲ್ಲ, ಘಟ್ಟದ ಅಂಚಿಗೆ ಹೋಗುತ್ತೆ." ಆಗುಂಬೆ ಇರುವುದೇ ಘಟ್ಟದ ಬಾಯಲ್ಲಿ. ಬರ್ಕಣದಲ್ಲಿ ಸೀತಾ ನದಿ ಸುಮಾರು 260 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತೋಟದಲ್ಲಿ ಬೆಂಕಿಯ ಪಾಠವೂ ಆಯಿತು. ನೆಲದ ಮೇಲೆ ಬಿದ್ದ ಕಟ್ಟಿಗೆ ಒಳಗೂ ನೆಂದಿರುತ್ತದೆ. ನಿಂತೇ ಒಣಗಿದ ಕೊಂಬೆಯನ್ನು ಸೀಳಿದರೆ ತಿರುಳು ಒಣಗಿರುತ್ತದೆ. ಅದರ ಚಕ್ಕೆ, ಜೊತೆಗೆ ಹಳೆ ಸೈಕಲ್ ಟ್ಯೂಬಿನ ಒಂದು ತುಂಡು. ರಬ್ಬರ್ ನೆಂದರೂ ಉರಿಯುತ್ತದೆ. ಆ ಬೆಂಕಿಯ ಮೇಲೆ ನಮ್ಮ ಮೆತ್ತಗಾದ ರೊಟ್ಟಿ ಕಾಯಿಸಿ ಶೇಂಗಾ ಚಟ್ನಿ ಜೊತೆ ಎಲ್ಲರೂ ತಿಂದೆವು. ಗೈಡ್ ಮನೆಯವರು ಇನ್ನೆರಡು ಕೇಳಿ ತಗೊಂಡರು.

ವಾಪಸ್ ಬಂದ ಮೇಲೆ ಡಿಸೆಂಬರ್‌ನಲ್ಲಿ ಚಿಂಚೋಳಿಗೆ ಹೋದೆ. ಅಲ್ಲಿಯ ಕಾಡು 2011ರಲ್ಲಿ ವನ್ಯಧಾಮವಾಯಿತು, 134 ಚದರ ಕಿಲೋಮೀಟರ್ ಮೇಲಿದೆ. ಒಣನಾಡಿನ ಕಾಡು. ಚಂದ್ರಂಪಳ್ಳಿ ಜಲಾಶಯದ ಕಡೆ ಎಷ್ಟು ಸಲ ಹೋಗಿದ್ದೆನೋ, ಪ್ರತಿ ಸಲ ದೂರ ನೋಡಿ ಬಂದಿದ್ದೆ. ನೀರು, ಗುಡ್ಡ, ಹಾರುವ ಹದ್ದು. ಈ ಸಲ ಅಲ್ಲಿಯ ಅರಣ್ಯ ಕಾವಲುಗಾರರ ಹಿಂದೆ ನಿಧಾನಕ್ಕೆ ನಡೆದೆ. ಉದುರಿದ ಎಲೆಗಳ ನಡುವೆ, ನನ್ನ ಬೂಟಿನಿಂದ ಎರಡು ಮಾರು ಮುಂದೆ, ಒಂದು ಎಲೆ ಉಳಿದವುಗಳ ಹಾಗಿರಲಿಲ್ಲ. ಕಾಲು ತಡೆದೆ. ನತ್ತಿಂಗ. ಕಂದು, ಬೂದು, ಕಪ್ಪು ಗೆರೆಯ ಹಕ್ಕಿ, ಕಣ್ಣನ್ನು ಗೆರೆಯಷ್ಟೇ ತೆರೆದು ನೆಲಕ್ಕೆ ಅಂಟಿ ಕೂತಿತ್ತು. ಕಾವಲುಗಾರರು ಹಿಂದಿರುಗಿ ನೋಡಿ, "ನಿಮಗೆ ಹೇಗೆ ಕಾಣ್ತು?" ಅಂದರು. ನಾವಿಬ್ಬರೂ ಹಾಗೇ ಹಿಂದಕ್ಕೆ ಸರಿದು ಬೇರೆ ಕಡೆಯಿಂದ ದಾಟಿದೆವು. ಅದು ಹಾರಲಿಲ್ಲ.