ಹಾಡಿನ ಹೊಸ ರೂಪ ಯಾರದ್ದೆಂದು ಪರದೆಯ ಮೇಲೆ ಬರೆಯಿಸಿದ ಬಗೆ

ಬೆಂಗಳೂರಿನಲ್ಲಿ ಚಿತ್ರೀಕರಣವಾಗುವ ಟಿವಿ ಗಾಯನ ಸ್ಪರ್ಧೆಗಳಿಗೆ ನಾನು ಹಲವು ವರ್ಷಗಳಿಂದ ಕೀಬೋರ್ಡ್ ನುಡಿಸುತ್ತ, ಸ್ಪರ್ಧಿಗಳ ಹಾಡುಗಳಿಗೆ ವಾದ್ಯ ಸಂಯೋಜನೆ ಮಾಡುತ್ತ ಬಂದಿದ್ದೇನೆ. ಸಾಹಿತಿ, ಸಂಗೀತ ನಿರ್ದೇಶಕರು, ಮೂಲ ಗಾಯಕರು ಇವರ ಹೆಸರುಗಳು ಪರದೆಯ ಕೆಳಗಿನ ಪಟ್ಟಿಯಲ್ಲಿ ತಪ್ಪದೆ ಬರುತ್ತವೆ. ಆದರೆ ಅದೇ ಹಾಡನ್ನು ಮೂಲಕ್ಕಿಂತ ಬೇರೆಯಾದ ನಡೆಯಲ್ಲಿ, ಬೇರೆಯ ವಾದ್ಯಗಳಲ್ಲಿ ಮೊದಲು ಕಟ್ಟಿಕೊಟ್ಟವರ ಹೆಸರು ನಾನು ಕೆಲಸ ಮಾಡಿದ ಕಾರ್ಯಕ್ರಮಗಳಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ. ಅದನ್ನು ಒಂದು ಕಾರ್ಯಕ್ರಮದಲ್ಲಿ ರೂಢಿಗೆ ತಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂದಿನ ಸ್ಪರ್ಧಿಗಳಲ್ಲಿ ಅನೇಕರು ಹಾಡನ್ನು ಕಲಿಯುವುದು ಮೂಲ ಧ್ವನಿಮುದ್ರಣದಿಂದಲ್ಲ, ಯೂಟ್ಯೂಬ್‌ನಲ್ಲಿ ಸಿಗುವ ಕವರ್‌ಗಳಿಂದ, ಅಂದರೆ ಬೇರೆಯವರು ತಮ್ಮದೇ ರೀತಿಯಲ್ಲಿ ಮತ್ತೆ ಹಾಡಿ ಮುದ್ರಿಸಿದ ರೂಪಗಳಿಂದ. ಒಮ್ಮೆ ರಿಹರ್ಸಲ್‌ಗೆ ಬಂದ ಹುಡುಗಿಯೊಬ್ಬಳು ಒಂದು ಹಳೆಯ ಭಾವಗೀತೆಯನ್ನು ಹಾಡಿ ತೋರಿಸಿದಳು. ಮೂಲದಲ್ಲಿ ತಬಲಾದ ದಾದ್ರಾದಲ್ಲಿ, ಅಂದರೆ ಆರು ಮಾತ್ರೆಯ ತಾಳದಲ್ಲಿ, ಸಾಗುವ ಹಾಡು ಅವಳ ಬಾಯಲ್ಲಿ ನಾಲ್ಕು ಮಾತ್ರೆಯ ನಿಧಾನ ನಡೆಗೆ ಬಂದಿತ್ತು. ಪಲ್ಲವಿಯ ಕೊನೆಯ ಸಾಲನ್ನು ಅವಳು ಮುಗಿಸದೆ ಎಳೆದು ನಿಲ್ಲಿಸುತ್ತಿದ್ದಳು, ಮತ್ತು ಮೂಲದಲ್ಲಿ ಕೊಳಲು ಬರುವ ಜಾಗದಲ್ಲಿ ಎರಡು ದನಿಗಳ ಗುನುಗು ಬೇಕೆಂದಳು. ಅಷ್ಟು ಖಚಿತವಾದ ಕಲ್ಪನೆ ಎಲ್ಲೋ ಕೇಳಿದ್ದೇ ಇರಬೇಕೆನಿಸಿ, "ಎಲ್ಲಿ ಕೇಳಿದ್ದಮ್ಮ ಇದನ್ನ?" ಎಂದು ವಿಚಾರಿಸಿದೆ. ಅವಳು ಮುಚ್ಚಿಡಲಿಲ್ಲ, ಕೂಡಲೇ ಫೋನ್ ತೆಗೆದು ಒಂದು ಸಣ್ಣ ಬ್ಯಾಂಡ್‌ನ ವಿಡಿಯೊ ತೋರಿಸಿದಳು. ಆಮೇಲೆ, "ಅವರ ಹೆಸರು ಹೇಳಿದ್ರೆ ಮಾರ್ಕ್ಸ್ ಕಮ್ಮಿ ಆಗುತ್ತಾ ಸರ್?" ಎಂದು ಕೇಳಿದಳು.

ಆ ಪ್ರಶ್ನೆ ನನ್ನನ್ನು ಬಹಳವಾಗಿ ಕಾಡಿತು. ಎರವಲು ತಂದದ್ದನ್ನು ಹೇಳಿಕೊಳ್ಳುವುದು ಸ್ಪರ್ಧಿಗೆ ನಷ್ಟದ ಬಾಬತ್ತಾಗಿ ಕಾಣುವಂತೆ ಕಾರ್ಯಕ್ರಮವನ್ನು ಕಟ್ಟಿದವರು ನಾವೇ ಅಲ್ಲವೇ? ಆದ್ದರಿಂದ ಇದನ್ನು ಮಕ್ಕಳ ಪ್ರಾಮಾಣಿಕತೆಗೆ ಬಿಡದೆ ನಮ್ಮ ಕಾಗದಪತ್ರದಲ್ಲಿಯೇ ಸೇರಿಸಬೇಕೆಂದು ನಿರ್ಧರಿಸಿದೆ. ಪ್ರತಿ ಸಂಚಿಕೆಗೂ ನಾವು ತಯಾರಿಸುವ ಹಾಡಿನ ಪಟ್ಟಿಯಲ್ಲಿ ಶ್ರುತಿ, ಅವಧಿ, ವಾದ್ಯಗಳು ಎಂಬ ಅಂಕಣಗಳಿರುತ್ತವೆ. ಅವುಗಳ ಪಕ್ಕದಲ್ಲಿ 'ವಾದ್ಯ ಸಂಯೋಜನೆಯ ಆಧಾರ' ಎಂಬ ಇನ್ನೊಂದು ಅಂಕಣ ಹಾಕಿ, ಅದು ಭರ್ತಿಯಾಗದೆ ಟ್ರ್ಯಾಕ್ ಪ್ರೋಗ್ರಾಮಿಂಗ್ (ಕಂಪ್ಯೂಟರ್‌ನಲ್ಲಿ ಹಿನ್ನೆಲೆ ಸಂಗೀತ ಸಿದ್ಧಪಡಿಸುವ ಕೆಲಸ) ಆರಂಭಿಸುವುದಿಲ್ಲವೆಂದು ತಂಡಕ್ಕೆ ತಿಳಿಸಿದೆ. ಹಾಡು ಆಯ್ಕೆಯಾಗುವ ದಿನವೇ ಈ ಕೆಲಸ ಮುಗಿಯಬೇಕು. ಚಿತ್ರೀಕರಣದ ದಿನ ಇಂಥ ಮಾತಿಗೆ ಕಿವಿಗೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಯಾವುದಕ್ಕೆ ಹೆಸರು ಹಾಕಬೇಕು, ಯಾವುದಕ್ಕೆ ಬೇಡ ಎಂಬುದು ನಿಜವಾಗಿಯೂ ಕಷ್ಟದ ಪ್ರಶ್ನೆ. ನಾನು ಅನುಸರಿಸುವ ಕ್ರಮವೆಂದರೆ, ಗಾಯಕರ ದನಿಯನ್ನು ಮನಸ್ಸಿನಿಂದ ತೆಗೆದುಹಾಕಿ ಉಳಿದದ್ದನ್ನು ಮಾತ್ರ ಕೇಳುವುದು. ಶ್ರುತಿಯನ್ನು ಒಂದು ಮನೆ ಕೆಳಗಿಳಿಸಿದ್ದಕ್ಕೆ, ಒಂದು ಚರಣ ಕೈಬಿಟ್ಟದ್ದಕ್ಕೆ, ಪಿಟೀಲಿನ ಬಿಟ್ ಅನ್ನು ಕೀಬೋರ್ಡ್‌ನಲ್ಲಿ ನುಡಿಸಿದ್ದಕ್ಕೆ ಪ್ರತ್ಯೇಕ ಹೆಸರು ಬೇಕಿಲ್ಲ, ಅದು ಎಲ್ಲ ಆರ್ಕೆಸ್ಟ್ರಾಗಳೂ ದಿನನಿತ್ಯ ಮಾಡುವ ಕೆಲಸ. ತಾಳದ ನಡೆ ಬದಲಾಗಿದ್ದರೆ, ರಾಗದ ಕೆಳಗೆ ಸಾಗುವ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸರಣಿ ಬದಲಾಗಿ ಹಾಡಿನ ಭಾವವೇ ತಿರುಗಿದ್ದರೆ, ಅಥವಾ ಮೂಲದಲ್ಲಿಲ್ಲದ ಸ್ವರಮಾಲೆಯೊಂದು ಆರಂಭದಲ್ಲಿಯೋ ನಡುವೆಯೋ ಬಂದಿದ್ದರೆ, ಅದು ಯಾರೋ ಕುಳಿತು ಯೋಚಿಸಿ ಮಾಡಿದ್ದು. ಅವರ ಹೆಸರು ಬರಲೇಬೇಕು.

ಇದಕ್ಕೆ ವಾಹಿನಿಯ ಕಾನೂನು ಸಲಹೆಗಾರರು ಎತ್ತಿದ ಆಕ್ಷೇಪಣೆಯಲ್ಲಿ ಹುರುಳಿತ್ತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯೊಂದರ ವಾದ್ಯ ಸಂಯೋಜನೆ ಅದರ ರೂಪಾಂತರವೆನಿಸುತ್ತದೆ ಮತ್ತು ರೂಪಾಂತರ ಮಾಡುವ ಹಕ್ಕು ಮೂಲ ಕೃತಿಯ ಹಕ್ಕುದಾರರದ್ದು. 2012ರ ತಿದ್ದುಪಡಿಯಲ್ಲಿ ಬಂದ 31ಸಿ ಕಲಮು ಕೂಡ, ಹಾಡು ಮೊದಲು ಧ್ವನಿಮುದ್ರಣವಾದ ವರ್ಷ ಕಳೆದು 5 ವರ್ಷಗಳಾದ ಮೇಲೆ ರಾಯಧನ ಕೊಟ್ಟು ಕವರ್ ಧ್ವನಿಮುದ್ರಿಸಲು ಅವಕಾಶ ಕೊಡುತ್ತದೆಯೇ ಹೊರತು ಹಾಡನ್ನು ಮನಬಂದಂತೆ ಬದಲಿಸಲು ಅಲ್ಲ. ಹೀಗಿರುವಾಗ ಅನುಮತಿಯಿಲ್ಲದೆ ಕವರ್ ಮಾಡಿದವರ ಹೆಸರನ್ನು ನಾವು ತೋರಿಸಿದರೆ ಅವರ ಹಕ್ಕನ್ನು ಒಪ್ಪಿಕೊಂಡಂತಾಗುವುದಿಲ್ಲವೇ ಎಂಬುದು ಸಲಹೆಗಾರರ ಅಳುಕು. ಹಾಡಿನ ಪರವಾನಗಿ ಎಂದಿನಂತೆ ಮೂಲ ಹಕ್ಕುದಾರರಿಂದಲೇ ಬರುತ್ತದೆ, ನಾವು ಹೇಳುತ್ತಿರುವುದು ಈ ರೂಪವನ್ನು ಎಲ್ಲಿಂದ ಪಡೆದೆವು ಎಂಬುದನ್ನಷ್ಟೇ ಎಂದು ವಿವರಿಸಿದೆ. ಅಂಕಣಕ್ಕೆ 'ಆಧಾರ' ಎಂದೇ ಹೆಸರಿಟ್ಟದ್ದು ಈ ಕಾರಣಕ್ಕೆ. ಕಾನೂನಿನ ಆಸರೆ ಇಲ್ಲದವರನ್ನು ಹೆಸರಿಸುವುದು ಇನ್ನೂ ಹೆಚ್ಚು ಅಗತ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದ ಗಾಯಕ ಜೊನಾಥನ್ ಕೌಲ್ಟನ್ 2005ರಲ್ಲಿ ಒಂದು ರ‍್ಯಾಪ್ ಹಾಡಿಗೆ ತಾವೇ ಹೊಸ ಮಟ್ಟು ಕಟ್ಟಿ ಕವರ್ ಮಾಡಿದ್ದರು. 2013ರಲ್ಲಿ 'ಗ್ಲೀ' ಎಂಬ ಟಿವಿ ಸರಣಿ ಅದನ್ನೇ ಹೋಲುವ ರೂಪವನ್ನು ಅವರ ಹೆಸರಿಲ್ಲದೆ ಬಳಸಿತು. ಅವರು ಸಾರ್ವಜನಿಕವಾಗಿ ದನಿಯೆತ್ತಬೇಕಾಯಿತೇ ಹೊರತು ಪರದೆಯ ಮೇಲೆ ಹೆಸರು ಬರಲಿಲ್ಲ.

ನಮ್ಮಲ್ಲಿ ಈ ವಿವೇಕ ಇಲ್ಲವೆಂದೇನೂ ಅಲ್ಲ. ಕುವೆಂಪು ಅವರ ನಾಡಗೀತೆಯನ್ನು ಯಾರ ಧಾಟಿಯಲ್ಲಿ ಹಾಡಬೇಕೆಂದು ವರ್ಷಗಟ್ಟಲೆ ಚರ್ಚೆ ನಡೆದು, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡುಗಳ ಅವಧಿಗೆ ನಿಗದಿಪಡಿಸಿತು. ಕವಿ ಒಬ್ಬರು, ಧಾಟಿ ಕಟ್ಟಿದವರು ಇನ್ನೊಬ್ಬರು ಎಂಬುದನ್ನು ಸುಗಮ ಸಂಗೀತದ ಕೇಳುಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ವಾದ್ಯ ಸಂಯೋಜಕರನ್ನು ಮೂರನೆಯವರಾಗಿ ಸೇರಿಸಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆಯಾಗಿತ್ತು.

ಹೆಸರನ್ನು ಯಾವಾಗ ಹೇಳಬೇಕೆಂಬುದು ನಾನು ಎಣಿಸಿದ್ದಕ್ಕಿಂತ ಮುಖ್ಯವಾದ ವಿಷಯವಾಯಿತು. ಅಮೆರಿಕದ ಟಿವಿ ಗಾಯನ ಸ್ಪರ್ಧೆಯಾದ 'ಅಮೆರಿಕನ್ ಐಡಲ್'ನಲ್ಲಿ 2008ರಲ್ಲಿ ಸ್ಪರ್ಧಿ ಡೇವಿಡ್ ಕುಕ್ ಅವರು ಮೈಕೆಲ್ ಜಾಕ್ಸನ್ ಅವರ 'ಬಿಲ್ಲಿ ಜೀನ್' ಹಾಡನ್ನು ರಾಕ್ ಗಾಯಕ ಕ್ರಿಸ್ ಕಾರ್ನೆಲ್ 2007ರಲ್ಲಿ ಹೊರತಂದಿದ್ದ ನಿಧಾನಗತಿಯ ರೂಪದಲ್ಲಿ ಹಾಡಿದರು. ನಿರೂಪಕರು ಕಾರ್ನೆಲ್ ಹೆಸರನ್ನು ಹೇಳಿದ್ದರೂ ತೀರ್ಪುಗಾರರ ಮೆಚ್ಚುಗೆ ಸ್ಪರ್ಧಿಯ ಧೈರ್ಯಕ್ಕೇ ಸಂದಿತು. ಹೀಗಾಗಿ ನಿರೂಪಕರ ಮಾತೊಂದನ್ನೇ ನಂಬದೆ, ತೀರ್ಪುಗಾರರ ಮುಂದಿನ ಹಾಳೆಯಲ್ಲಿಯೂ ಆಧಾರದ ಸಾಲನ್ನು ಅಚ್ಚು ಹಾಕಿಸಿದೆ. ಇದರಿಂದ ಅವರ ಮಾತಿನ ಧಾಟಿಯೇ ಬದಲಾಯಿತು. 'ಎಂಥ ಹೊಸ ಪ್ರಯೋಗ' ಎನ್ನುವ ಬದಲು, ಆ ರೂಪವನ್ನು ಸ್ಪರ್ಧಿ ಎಷ್ಟರಮಟ್ಟಿಗೆ ತನ್ನದಾಗಿಸಿಕೊಂಡಿದ್ದಾಳೆ, ಎಳೆದು ನಿಲ್ಲಿಸಿದ ಸ್ವರ ಶ್ರುತಿಯಲ್ಲಿ ನಿಂತಿತೇ ಎಂದು ಮಾತನಾಡತೊಡಗಿದರು. ಭಾವಗೀತೆ ಹಾಡಿದ ಹುಡುಗಿಯ ಅಂಕಗಳಿಗೆ ಯಾವ ಕುಂದೂ ಬರಲಿಲ್ಲ.

ಆ ಬ್ಯಾಂಡ್‌ಗೆ ನಾನೇ ಪತ್ರ ಬರೆದಿದ್ದೆ. ಉತ್ತರಿಸಿದವರು ಗಿಟಾರ್ ವಾದಕರು. ಹಣದ ಮಾತು ಎತ್ತಲಿಲ್ಲ. ಗುನುಗಿನ ಭಾಗವನ್ನು ಕಟ್ಟಿದವರು ತಾವಲ್ಲ, ತಂಡದ ಗಾಯಕಿ ಎಂದು ತಿಳಿಸಿ, ಇಬ್ಬರ ಹೆಸರನ್ನೂ ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಕಳುಹಿಸಿದರು. ಎರಡೂ ಹೆಸರುಗಳು ಪರದೆಯ ಮೇಲೆ ಬಂದವು. ಪ್ರೋಮೊ ತುಣುಕುಗಳಲ್ಲಿ ಮಾತ್ರ ಈ ಸಾಲು ಇಂದಿಗೂ ಬಿಟ್ಟುಹೋಗುತ್ತಿದೆ. ಅವುಗಳ ಸಂಕಲನ ಬೇರೆ ತಂಡದ ಕೈಯಲ್ಲಿರುವುದರಿಂದ, ಆಧಾರದ ಅಂಕಣವಿರುವ ಹಾಡಿನ ಪಟ್ಟಿಯನ್ನು ಈಗ ಪ್ರತಿವಾರ ಅವರಿಗೂ ಕಳುಹಿಸುತ್ತಿದ್ದೇನೆ.